ಗೋಬರ್ ಗ್ಯಾಸ್ ಕಟ್ಟಿಸುವ ಮುನ್ನ ಬುಟ್ಟಿ ತೂಗಿ ನೋಡಿ

ಹಿರಿಯೂರಿನ ಕಡೆ ಹೊಲ ಮಾಡುವ ನನ್ನ ಸೋದರಳಿಯ ಹೋದ ತಿಂಗಳು ಫೋನ್ ಮಾಡಿದ್ದ. ‘ಮಾವ, ಗೋಬರ್ ಗ್ಯಾಸ್ ಹಾಕಿಸಬೇಕೆಂದಿದ್ದೇನೆ. ದೀನಬಂಧು ಒಳ್ಳೆಯದೋ, ಡ್ರಮ್ಮಿನದೋ, ಈಗ ಬಂದಿರುವ ಬಲೂನಿನದೋ?’ ಎಂದು ಕೇಳಿದ. ನಾನು ಯಾವ ಹೆಸರನ್ನೂ ಹೇಳಲಿಲ್ಲ. ಏಳು ದಿನ ಕೊಟ್ಟಿಗೆ ಬಾಚಿದ ಸಗಣಿಯನ್ನು ತೂಗಿ ಬರೆದಿಡು, ಆಮೇಲೆ ಮಾತಾಡೋಣ ಎಂದೆ. ಅವನಿಗೆ ಅದು ಹಿಡಿಸಲಿಲ್ಲ ಎಂದು ದನಿಯಲ್ಲೇ ಗೊತ್ತಾಯಿತು. ಆದರೂ ತಕ್ಕಡಿ ಹುಡುಕುತ್ತೇನೆ ಎಂದ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ನಮ್ಮ ಅಡುಗೆಮನೆಯಲ್ಲಿ ಸಗಣಿಯ ಅನಿಲದ ನೀಲಿ ಉರಿ ಇಪ್ಪತ್ತು ವರ್ಷ ದಾಟಿದೆ. ಅದನ್ನು ನೋಡಿದ ನೆಂಟರೆಲ್ಲ ಕೇಳುವುದು ಮಾದರಿಯ ಹೆಸರನ್ನೇ. ಹಾಳುಬಿದ್ದ ಎಷ್ಟೋ ಸ್ಥಾವರಗಳನ್ನು ನಾನು ಹೋಗಿ ನೋಡಿದ್ದೇನೆ. ಮಾದರಿ ಕೆಟ್ಟದ್ದೆಂಬ ಕಾರಣಕ್ಕೆ ನಿಂತದ್ದು ಅವುಗಳಲ್ಲಿ ಬಹಳ ಕಡಿಮೆ. ದಿನವೂ ಒಳಗೆ ಹಾಕಲು ಬೇಕಾದಷ್ಟು ಇಲ್ಲದೆ ನಿಂತವು, ಕದಡಲು ನೀರಿಲ್ಲದೆ ನಿಂತವು, ಹೊರಗೆ ಬಂದ ಬಗ್ಗಡವನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ನಿಂತವು ಹೆಚ್ಚು. ಆದ್ದರಿಂದ ಈ ಹೋಲಿಕೆಯನ್ನು ನಾನು ಸಗಣಿ ಬುಟ್ಟಿಯಿಂದಲೇ ಶುರುಮಾಡುತ್ತೇನೆ.

ಬುಟ್ಟಿಯ ಲೆಕ್ಕ

ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ಅಂದರೆ ದಿನಕ್ಕೆ ಒಂದು ಘನ ಮೀಟರ್ ಅನಿಲ ಬೇಕಾದರೆ 25 ಕಿಲೋ ಸಗಣಿ ಬೇಕು, ಅದನ್ನು ಕದಡಲು ಅಷ್ಟೇ ಅಳತೆಯ ನೀರು ಬೇಕು. ಒಬ್ಬರ ಎರಡು ಹೊತ್ತಿನ ಅಡುಗೆಗೆ ಕಾಲು ಘನ ಮೀಟರಿಗಿಂತ ತುಸು ಹೆಚ್ಚು ಅನಿಲ ಖರ್ಚಾಗುತ್ತದೆ. ನಾಲ್ವರ ಮನೆಗೆ ಒಂದು ಘನ ಮೀಟರ್ ಹೆಚ್ಚೂಕಡಿಮೆ ಸರಿಹೋಗುತ್ತದೆ. ಬಚ್ಚಲ ಹಂಡೆಯ ನೀರು ಕಾಯಿಸುವುದನ್ನು ಇದರಲ್ಲಿ ಸೇರಿಸಬೇಡಿ, ಅದಕ್ಕೆ ಬೇರೆಯೇ ಉರುವಲು ಬೇಕು. ಅಡುಗೆ ಅನಿಲದ ಸಿಲಿಂಡರಿಗೆ ಹೋಲಿಸಿ ಹೇಳುವುದಾದರೆ, 14.2 ಕಿಲೋ ಸಿಲಿಂಡರಿನ ಶಾಖ ಸುಮಾರು 33 ಘನ ಮೀಟರ್ ಸಗಣಿ ಅನಿಲದ ಶಾಖಕ್ಕೆ ಸಮ. ದಿನಕ್ಕೊಂದು ಘನ ಮೀಟರ್ ಕೊಡುವ ಸ್ಥಾವರ ತಿಂಗಳಿಗೆ ಒಂದು ಸಿಲಿಂಡರನ್ನು ಉಳಿಸಿತು ಎಂದರೆ ತುಸು ಉದಾರವಾಗಿ ಹೇಳಿದಂತೆ, ಆದರೆ ಸುಳ್ಳಲ್ಲ.

ಇಲ್ಲಿ ಎಲ್ಲರೂ ತಪ್ಪುವುದು ದನಗಳ ತಲೆ ಎಣಿಸುವುದರಲ್ಲಿ. ‘ಐದು ದನ ಇವೆ, ಎರಡು ಘನ ಮೀಟರ್ ಹಾಕಿಸಬಹುದು’ ಎಂದುಬಿಡುತ್ತಾರೆ. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಮಿಶ್ರತಳಿಯ ದೊಡ್ಡ ಹಸುಗಳಾದರೆ ಸರಿ. ಬೆಟ್ಟಕ್ಕೆ ಹೋಗಿ ಮೇದು ಬರುವ ಮಲೆನಾಡು ಗಿಡ್ಡ ಹಗಲಿನ ಸಗಣಿಯನ್ನು ಬೆಟ್ಟದಲ್ಲೇ ಬಿಟ್ಟು ಬರುತ್ತದೆ. ನಮ್ಮ ಕೈಗೆ ಸಿಗುವುದು ರಾತ್ರಿಯದು ಮಾತ್ರ, ಅದೂ ಸಣ್ಣ ದೇಹದ ಹಸುವಿನದು. ನಮ್ಮ ತಂದೆ ಕಟ್ಟಿಸಿದ ಮೊದಲ ಸ್ಥಾವರ ನಾಲ್ಕು ಘನ ಮೀಟರಿನದು. ಆಗ ಕೊಟ್ಟಿಗೆಯಲ್ಲಿ ಎಂಟು ರಾಸುಗಳಿದ್ದವು. ದೊಡ್ಡದಿದ್ದರೆ ಮುಂದಕ್ಕೂ ಆಗುತ್ತದೆ ಎಂದು ಮೇಸ್ತ್ರಿ ಹೇಳಿದ್ದನ್ನು ನಂಬಿದರು. ಆಳು ಸಿಗದೆ ದನಗಳು ಮೂರಕ್ಕೆ ಇಳಿದ ಮೇಲೆ ಆ ಗುಂಡಿ ಅರೆಹೊಟ್ಟೆಯಲ್ಲೇ ಇತ್ತು. ಹಾಕುವುದು ಕಡಿಮೆಯಾದರೆ ಅನಿಲ ಕಡಿಮೆಯಾಗುವುದು ಒಂದು ತೊಂದರೆ. ಬಗ್ಗಡವನ್ನು ಹೊರದೂಡುವ ಒತ್ತಡವೂ ಹುಟ್ಟದೆ ಒಳಗೆ ಕೆನೆಗಟ್ಟಿ, ತಳದಲ್ಲಿ ಮಣ್ಣು ನಿಂತು, ಕೊನೆಗೆ ಗುಂಡಿಯನ್ನೇ ಖಾಲಿ ಮಾಡಿಸಬೇಕಾಗಿ ಬಂದದ್ದು ಇನ್ನೂ ದೊಡ್ಡದು. ದೊಡ್ಡದನ್ನು ಅರ್ಧ ನಡೆಸುವುದಕ್ಕಿಂತ ಚಿಕ್ಕದನ್ನು ತುಂಬ ನಡೆಸುವುದು ಎಷ್ಟೋ ಮೇಲು ಎಂದು ಅಂದೇ ತಿಳಿಯಿತು.

ಹಾಗಾಗಿ ವಾರದ ಸರಾಸರಿಗೆ ಕಟ್ಟಿಸಬೇಡಿ, ಅತಿ ಕಡಿಮೆ ಸಗಣಿ ಸಿಕ್ಕ ದಿನದ ತೂಕಕ್ಕೆ ಕಟ್ಟಿಸಿ. ಹೆಚ್ಚಾದದ್ದು ಗೊಬ್ಬರದ ಗುಂಡಿಗೆ ಹೋದರೆ ಯಾವ ನಷ್ಟವೂ ಇಲ್ಲ.

ಬೇರೆ ಪ್ರಾಣಿಗಳ ಸಗಣಿ ಇರುವವರಿಗೆ ಎರಡು ಮಾತು. ಹಂದಿಯ ಸಗಣಿ ತೂಕಕ್ಕೆ ತೂಕ ಹಸುವಿನದಕ್ಕಿಂತ ಹೆಚ್ಚು ಅನಿಲ ಕೊಡುತ್ತದೆ. ಕೋಳಿ ಗೊಬ್ಬರವೂ ಕೊಡುತ್ತದೆ, ಆದರೆ ಅದರಲ್ಲಿ ಸಾರಜನಕ ಜಾಸ್ತಿ. ಒಂದನ್ನೇ ಹಾಕಿದರೆ ಒಳಗೆ ಅಮೋನಿಯಾ ಏರಿ ಸೂಕ್ಷ್ಮಜೀವಿಗಳು ಸೊರಗುತ್ತವೆ. ಹಸುವಿನ ಸಗಣಿಗೆ ಬೆರೆಸಿಯೇ ಹಾಕಬೇಕು. ಆಡು ಕುರಿಗಳ ಹಿಕ್ಕೆಯನ್ನು ನೆನೆಸಿ ಕಿವುಚದೆ ಹಾಕಿದರೆ ಅದು ಹಾಗೆಯೇ ಮೇಲೆ ತೇಲುತ್ತದೆ.

ಗುಮ್ಮಟವೋ, ಡ್ರಮ್ಮೋ

ನಮ್ಮ ದೇಶದಲ್ಲಿ ಈ ವಿದ್ಯೆ ಹೊಸದಲ್ಲ. ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಮಲದಿಂದ ಅನಿಲ ಪಡೆದಿದ್ದರು. ಹಳ್ಳಿಯ ಮನೆಗೆ ಹೊಂದುವ ರೂಪವನ್ನು 1950ರ ದಶಕದಲ್ಲಿ ಜಶಭಾಯಿ ಪಟೇಲರು ಕೊಟ್ಟರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಕೈಗೆತ್ತಿಕೊಂಡು ಊರೂರಿಗೆ ಒಯ್ದಿತು. ನೆಲದ ಬಾವಿಯಂಥ ಗುಂಡಿಯ ಮೇಲೆ ಕವುಚಿ ಹಾಕಿದ ಡ್ರಮ್, ಅನಿಲ ತುಂಬಿದಂತೆ ಏಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಅದೇ ತೇಲುವ ಡ್ರಮ್ಮಿನ ಮಾದರಿ. ಡ್ರಮ್ಮಿನ ಖರ್ಚೇ ಬೇಡವೆಂದು ಆಮೇಲೆ ಇಟ್ಟಿಗೆ ಗುಮ್ಮಟದ ಜನತಾ ಮಾದರಿ ಬಂತು. ಅದನ್ನು ಇನ್ನಷ್ಟು ಅಗ್ಗವಾಗಿಸಿ ಆಫ್‌ಪ್ರೊ ಎಂಬ ಸಂಸ್ಥೆ 1984ರಲ್ಲಿ ಕೊಟ್ಟದ್ದು ದೀನಬಂಧು. ಇದು ಪೂರ್ತಿ ನೆಲದೊಳಗೆ ಇರುತ್ತದೆ. ಅಲುಗುವ ಭಾಗ ಒಂದೂ ಇಲ್ಲ. ಅನಿಲ ಗುಮ್ಮಟದ ತಲೆಯಲ್ಲಿ ತುಂಬಿ ಬಗ್ಗಡವನ್ನು ಹೊರತೊಟ್ಟಿಗೆ ದೂಡುತ್ತದೆ. ಒಲೆಯ ತಿರುಪು ಬಿಟ್ಟಾಗ ಆ ಬಗ್ಗಡದ ಭಾರವೇ ಅನಿಲವನ್ನು ಒಲೆಗೆ ತಳ್ಳುತ್ತದೆ.

ಎರಡರಲ್ಲಿ ಒಂದನ್ನು ಆರಿಸುವಾಗ ನಾನು ಮೊದಲು ನೋಡುವುದು ನೆಲವನ್ನು. ಮಲೆನಾಡಿನ ಗಟ್ಟಿ ಕೆಂಪು ಮಣ್ಣಿನಲ್ಲಿ, ಜಂಬಿಟ್ಟಿಗೆಯ ನೆಲದಲ್ಲಿ ದೀನಬಂಧು ನೆಮ್ಮದಿಯಾಗಿ ಕೂರುತ್ತದೆ. ಸುತ್ತಲ ಮಣ್ಣು ಗುಮ್ಮಟವನ್ನು ಒತ್ತಿ ಹಿಡಿಯುತ್ತದೆ, ಚಳಿಗಾಲದಲ್ಲಿ ಒಳಗಿನ ಕಾವನ್ನೂ ಉಳಿಸುತ್ತದೆ. ಎರೆ ನೆಲ ಬೇರೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣು ಗೋಡೆಯನ್ನು ಒಮ್ಮೆ ಒತ್ತುತ್ತದೆ, ಒಮ್ಮೆ ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಗುಮ್ಮಟದಲ್ಲಿ ಅನಿಲ ನಿಲ್ಲುವುದಿಲ್ಲ. ಎರೆ ನೆಲದಲ್ಲೇ ಕಟ್ಟಲೇಬೇಕೆಂದರೆ ಗುಂಡಿಯನ್ನು ಅಗಲವಾಗಿ ತೆಗೆದು, ಸುತ್ತಲೂ ಮರಳು ಇಲ್ಲವೇ ಗರಸು ತುಂಬಿ ಬಡಿಯಬೇಕು. ಕರಾವಳಿಯಲ್ಲಿ ಮಳೆಗಾಲಕ್ಕೆ ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲೆ ಬರುವ ಜಾಗಗಳಿವೆ. ಅಲ್ಲಿ ಆಳದ ಗುಂಡಿ ತೆಗೆಯುವುದೇ ಕಷ್ಟ, ಖಾಲಿ ಗುಂಡಿಯನ್ನು ಕೆಳಗಿನ ನೀರು ಎತ್ತಿಬಿಡುವ ಅಪಾಯವೂ ಇದೆ. ಅಂಥ ಕಡೆ ನೆಲದ ಮೇಲೆ ಕೂರುವ ಮಾದರಿಯತ್ತ ನೋಡಿ.

ಎರಡನೆಯದು ಮೇಸ್ತ್ರಿ. ದೀನಬಂಧುವಿನ ಬದುಕು ಪೂರ್ತಿಯಾಗಿ ಗಾರೆ ಕೆಲಸದ ಮೇಲೆ ನಿಂತಿದೆ. ಗುಮ್ಮಟದ ಒಳಮೈಗೆ ಪದರ ಪದರವಾಗಿ ಗಾರೆ ಆಗಬೇಕು, ಸಿಮೆಂಟಿನ ತಿಳಿಯ ಕೊನೆಯ ಲೇಪ ಆಗಬೇಕು, ಎರಡು ವಾರವಾದರೂ ನೀರು ಕುಡಿಸಬೇಕು. ಮನೆ ಕಟ್ಟುವ ಒಳ್ಳೆಯ ಮೇಸ್ತ್ರಿಗೂ ಇದು ತಾನಾಗಿ ಬರುವುದಿಲ್ಲ. ಬೆಲೆ ಕೇಳುವ ಮೊದಲು, ಆತ ಐದು ವರ್ಷದ ಹಿಂದೆ ಕಟ್ಟಿದ ಎರಡು ಸ್ಥಾವರಗಳ ಮನೆಗೆ ಹೋಗಿ. ಒಲೆ ಹಚ್ಚಿಸಿ ನೋಡಿ. ಆ ಮನೆಯ ಹೆಂಗಸರನ್ನು ಕೇಳಿ, ಸಂಜೆ ಅಡುಗೆ ಮುಗಿಯುವ ತನಕ ಉರಿ ಬರುತ್ತದೆಯೇ ಎಂದು. ಶಿರಸಿ ತಾಲ್ಲೂಕಿನ ಸ್ಥಾವರಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2001ರಲ್ಲಿ ಅದನ್ನೊಂದು ಯಶಸ್ಸಿನ ಕತೆ ಎಂದೇ ಬರೆದಿದ್ದಾರೆ. ಇಲ್ಲೇ ಬೆಳೆದ ನನಗೆ ಕಾಣುವ ಕಾರಣ ಎರಡು: ಕೂಗಿದರೆ ಬರುವ ದೂರದಲ್ಲಿ ಈ ಕೆಲಸವನ್ನೇ ಬಲ್ಲ ಮೇಸ್ತ್ರಿಗಳಿದ್ದರು, ಬಗ್ಗಡಕ್ಕಾಗಿ ಅಡಿಕೆ ತೋಟ ಕಾದಿತ್ತು.

ಅಂಥ ಮೇಸ್ತ್ರಿ ಸಿಗದ ಊರಿನಲ್ಲಿ ಡ್ರಮ್ಮಿನ ಮಾದರಿಯೇ ಭದ್ರ. ಗುಂಡಿಯಲ್ಲಿ ನೀರು ನಿಂತರೆ ಸಾಕು, ಅನಿಲವನ್ನು ಹಿಡಿಯುವ ಕೆಲಸ ಡ್ರಮ್ಮಿನದು. ಅನಿಲ ಎಷ್ಟಿದೆ ಎಂದು ಅಂಗಳದಲ್ಲಿ ನಿಂತೇ ಕಾಣಬಹುದು. ಉರಿ ಶುರುವಿನಿಂದ ಕೊನೆಯ ತನಕ ಒಂದೇ ಸಮ ಇರುತ್ತದೆ. ದೀನಬಂಧುವಿನಲ್ಲಿ ಹಾಗಲ್ಲ, ಮೊದಲು ಜೋರಾಗಿ ಬಂದು ಬರಬರುತ್ತ ಇಳಿಯುತ್ತದೆ. ದೋಸೆ ಹುಯ್ಯುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೇಲೆ ಕೆನೆಗಟ್ಟಿದರೆ ಡ್ರಮ್ಮನ್ನು ಹಿಡಿದು ಅತ್ತಿತ್ತ ತಿರುಗಿಸಿದರೆ ಒಡೆಯುತ್ತದೆ. ಇದರ ಶತ್ರು ತುಕ್ಕು. ಕಬ್ಬಿಣದ ಡ್ರಮ್ಮಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಲೇಬೇಕು, ಮಲೆನಾಡು ಕರಾವಳಿಗಳ ಮಳೆಯಲ್ಲಿ ಒಂದು ವರ್ಷ ತಪ್ಪಿದರೂ ಅದು ಕೇಳುವುದಿಲ್ಲ. ನಾರುಗಾಜಿನ (ಫೈಬರ್‌ಗ್ಲಾಸ್) ಡ್ರಮ್ಮಿಗೆ ತುಕ್ಕಿನ ಕಾಟವಿಲ್ಲ, ಬೆಲೆ ಹೆಚ್ಚು.

ಹದವಾದ ನೆಲ, ಬಲ್ಲ ಮೇಸ್ತ್ರಿ, ನಾಲ್ಕು ದನ ಇದ್ದರೆ ದೀನಬಂಧು ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತು ವರ್ಷ ನಮ್ಮ ಮನೆಯದು ಕೇಳಿದ್ದು ದಿನದ ಸಗಣಿ, ನೀರು ಮತ್ತು ಪೈಪಿನಲ್ಲಿ ಕೂತ ನೀರನ್ನು ಆಗಾಗ ಬಿಡುವುದು, ಇಷ್ಟೇ.

ಬಲೂನು

ದಪ್ಪ ಪ್ಲಾಸ್ಟಿಕ್ ಅಥವಾ ರಬ್ಬರ್ ಲೇಪದ ಬಟ್ಟೆಯ ಉದ್ದನೆಯ ಚೀಲ. ಒಂದೇ ದಿನದಲ್ಲಿ ಕೂರಿಸಬಹುದು, ಆಳ ತೆಗೆಯಬೇಕಿಲ್ಲ, ಬೇಡವಾದರೆ ಮಡಚಿ ಬೇರೆ ಕಡೆ ಒಯ್ಯಬಹುದು. ಗುತ್ತಿಗೆಗೆ ಜಮೀನು ಮಾಡುವವರಿಗೆ, ನೆಲದ ನೀರು ಮೇಲಿರುವ ಕಡೆಯವರಿಗೆ ಇದಕ್ಕಿಂತ ಸರಿಯಾದದ್ದು ಇಲ್ಲ. ಬಿಸಿಲಿಗೆ ಬೇಗ ಕಾಯುವುದರಿಂದ ಅನಿಲವೂ ಚುರುಕಾಗಿ ಬರುತ್ತದೆ. ಆದರೆ ಆ ಬಿಸಿಲೇ ಚೀಲವನ್ನು ತಿನ್ನುತ್ತದೆ. ಮೇಲೊಂದು ಚಪ್ಪರ, ಸುತ್ತ ಬೇಲಿ, ಕೆಳಗೆ ಕಲ್ಲಿಲ್ಲದ ಮೆತ್ತನೆಯ ಹಾಸು ಇಲ್ಲದೆ ಹಾಕಿಸಬೇಡಿ. ಇಲಿ, ಹೆಗ್ಗಣ, ಕರುವಿನ ಕೊಂಬು, ತೆಂಗಿನ ಗರಿ, ಯಾವುದು ತಗುಲಿದರೂ ತೂತು. ಒತ್ತಡ ಕಡಿಮೆ ಇರುವುದರಿಂದ ಅಡುಗೆಮನೆ ದೂರವಿದ್ದರೆ ಚೀಲದ ಮೇಲೆ ಭಾರ ಹೇರಬೇಕು ಅಥವಾ ಸಣ್ಣ ಪಂಪು ಇಡಬೇಕು. ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು, ತೂತು ಬಿದ್ದರೆ ಹೊಲಿದು ಅಂಟಿಸಿಕೊಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು.

ಪೇಟೆಯ ಮನೆ, ಅಡುಗೆಯ ಕಸ

ಮೈಸೂರಿನಲ್ಲಿರುವ ನನ್ನ ತಂಗಿ ತಾರಸಿಯ ಮೇಲೆ ಪ್ಲಾಸ್ಟಿಕ್ ಟ್ಯಾಂಕಿನ ಸಣ್ಣ ಸ್ಥಾವರ ಇಟ್ಟುಕೊಂಡಿದ್ದಾಳೆ. ನೀರಿನ ಟ್ಯಾಂಕಿನೊಳಗೆ ತುಸು ಚಿಕ್ಕ ಇನ್ನೊಂದು ಟ್ಯಾಂಕನ್ನು ಕವುಚಿ ಮಾಡುವ ಈ ಬಗೆಯನ್ನು ಪುಣೆಯ ಆರ್ತಿ ಸಂಸ್ಥೆ, ಅಡುಗೆಮನೆಯ ಕಸಕ್ಕೆಂದೇ ರೂಪಿಸಿ ಹೆಸರುಮಾಡಿತು. 2006ರಲ್ಲಿ ಅದಕ್ಕೆ, ಪರಿಸರಕ್ಕೆ ಹೊಂದುವ ಇಂಧನದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿಯೂ ಬಂತು. ಮರುವರ್ಷ ಆ ಪ್ರಶಸ್ತಿ ಪಡೆದವರಲ್ಲಿ ಕೇರಳದ ಬಯೋಟೆಕ್ ಸಂಸ್ಥೆಯೂ ನಮ್ಮ ಕೋಲಾರದ ಎಸ್‌ಕೆಜಿ ಸಂಘವೂ ಇದ್ದವು. ಮೊದಲನೆಯದು ಪೇಟೆಯ ಕಸಕ್ಕೆ, ಎರಡನೆಯದು ಹಳ್ಳಿಯ ಕೊಟ್ಟಿಗೆಗೆ.

ತೂಕಕ್ಕೆ ತೂಕ ನೋಡಿದರೆ ಅನ್ನ, ಚಪಾತಿ, ಹಣ್ಣಿನ ಸಿಪ್ಪೆ ಸಗಣಿಗಿಂತ ಎರಡು ಮೂರು ಪಟ್ಟು ಅನಿಲ ಕೊಡುತ್ತವೆ. ಇದರಲ್ಲಿ ಆಶ್ಚರ್ಯವಿಲ್ಲ. ಸಗಣಿ ಎಂದರೆ ಹಸು ತನಗೆ ಬೇಕಾದ ಸಾರವನ್ನೆಲ್ಲ ತೆಗೆದುಕೊಂಡು ಬಿಟ್ಟದ್ದು. ಅನ್ನದ ಸಾರ ಹಾಗೆಯೇ ಇರುತ್ತದೆ. ಆದರೆ ಒಂದು ಮನೆಯಲ್ಲಿ ದಿನಕ್ಕೆ ಎಷ್ಟು ಕಸ ಆಗುತ್ತದೆ? ಒಂದು ಕಿಲೋ, ಬಹಳವೆಂದರೆ ಎರಡು. ಹಸಿ ಕಸದ ಮುಕ್ಕಾಲು ಪಾಲು ನೀರೇ. ಕಿಲೋಗೆ ನೂರು ಲೀಟರ್ ಎಂದು ಹಿಡಿದರೂ ಎರಡು ಕಿಲೋಗೆ 200 ಲೀಟರ್ ಆಯಿತು. ಒಂದು ಮನೆಯೊಲೆ ಗಂಟೆಗೆ 450 ಲೀಟರ್ ಆಸುಪಾಸು ಅನಿಲ ಉರಿಸುತ್ತದೆ. ಅಂದರೆ ದಿನಕ್ಕೆ ಅರ್ಧ ಗಂಟೆಯ ಉರಿ, ಐದೂವರೆ ತಿಂಗಳಿಗೆ ಒಂದು ಸಿಲಿಂಡರಿನ ಉಳಿತಾಯ. ಮಾರುವವರು ಇದನ್ನು ಎರಡು ಗಂಟೆ ಎಂದು ಹೇಳಿದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ. ಹಣ ಉಳಿಸಲೆಂದು ಮಾತ್ರ ಕೊಳ್ಳುವವರಿಗೆ ನಾನು ಬೇಡ ಎನ್ನುತ್ತೇನೆ. ತಂಗಿ ಅದನ್ನು ಇಟ್ಟುಕೊಂಡದ್ದು ತನ್ನ ಮನೆಯ ಮುಸುರೆ ಊರಾಚೆಯ ಕಸದ ಗುಡ್ಡೆಗೆ ಹೋಗಬಾರದೆಂದು, ತಾರಸಿಯ ತರಕಾರಿ ಕುಂಡಗಳಿಗೆ ಗೊಬ್ಬರದ ನೀರು ಬೇಕೆಂದು. ಅವಳ ಲೆಕ್ಕದಲ್ಲಿ ಅರ್ಧ ಗಂಟೆಯ ಉರಿ ಮೇಲಿಂದ ಬಂದದ್ದು. ಆ ಮನಸ್ಸಿದ್ದವರಿಗೆ ಇದು ನಿಜವಾಗಿಯೂ ಒಳ್ಳೆಯ ಸಾಧನ.

ಕಸದ ಸ್ಥಾವರವನ್ನು ನಡೆಸುವುದು ಸಗಣಿಯದಕ್ಕಿಂತ ಸೂಕ್ಷ್ಮ. ಅನ್ನ ಸಿಹಿಗಳು ಒಳಗೆ ಬೇಗನೆ ಹುಳಿಯಾಗುತ್ತವೆ. ಹುಳಿಯನ್ನು ಮೀಥೇನ್ ಆಗಿ ಮಾಡುವ ಜೀವಾಣುಗಳು ನಿಧಾನದವು. ಹುಳಿ ಹೆಚ್ಚಿದರೆ ಅವು ಕೆಲಸ ನಿಲ್ಲಿಸುತ್ತವೆ, ಅನಿಲ ಬಂದರೂ ಹತ್ತಿಕೊಳ್ಳುವುದಿಲ್ಲ. ಸಗಣಿಗೆ ಈ ಹುಳಿಯನ್ನು ತಡೆದುಕೊಳ್ಳುವ ಗುಣ ಸ್ವಭಾವದಲ್ಲೇ ಇದೆ, ಬೇಕಾದ ಜೀವಾಣುಗಳೂ ಅದರಲ್ಲೇ ಇವೆ. ಆದ್ದರಿಂದಲೇ ತಾರಸಿಯ ಟ್ಯಾಂಕನ್ನು ಮೊದಲು ಸಗಣಿ ನೀರಿನಿಂದ ತುಂಬಿ, ಎರಡು ಮೂರು ವಾರ ಬಿಟ್ಟು, ಉರಿ ನೀಲಿಯಾಗಿ ನಿಂತ ಮೇಲೆ ಕಸವನ್ನು ಹಿಡಿ ಹಿಡಿಯಾಗಿ ಶುರುಮಾಡಬೇಕು. ತಂಗಿಗೆ ಸಗಣಿ ತಂದುಕೊಡುವ ಹಾಲಿನವರು ಇದ್ದಾರೆ. ಪೇಟೆಯಲ್ಲಿ ಅಂಥವರು ಯಾರೂ ಇಲ್ಲದಿದ್ದರೆ ಒಮ್ಮೆ ಹುಳಿತ ಟ್ಯಾಂಕನ್ನು ಸರಿಮಾಡುವುದು ಕಷ್ಟ.

ಈ ಹುಳಿಯ ಪಾಠವನ್ನು ನಾನು ನಮ್ಮ ದೊಡ್ಡ ಗುಂಡಿಯಲ್ಲೇ ಕಲಿತೆ. ಮನೆಯಲ್ಲಿ ಉಪನಯನವಾದ ಮರುದಿನ ಉಳಿದ ಅನ್ನ, ಪಾಯಸ, ಸಾಂಬಾರನ್ನೆಲ್ಲ ಬಿಸಾಡಲು ಮನಸ್ಸಾಗದೆ ಒಂದೇ ಸಲ ಒಳತೊಟ್ಟಿಗೆ ಸುರಿದೆ. ಎರಡು ದಿನ ಅನಿಲ ಉಕ್ಕಿತು. ಮೂರನೆಯ ದಿನ ಒಲೆ ಹತ್ತಲಿಲ್ಲ. ಬಗ್ಗಡಕ್ಕೆ ಹುಳಿತ ಹಿಟ್ಟಿನ ವಾಸನೆ ಬಂತು. ಹಾಕುವುದನ್ನು ಪೂರ್ತಿ ನಿಲ್ಲಿಸಿ, ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪ ಬಿಟ್ಟು, ಪಕ್ಕದ ಮನೆಯ ಚಾಲ್ತಿ ಸ್ಥಾವರದ ಬಗ್ಗಡ ನಾಲ್ಕು ಕೊಡ ತಂದು ಹೊಯ್ದ ಮೇಲೆ ಉರಿ ಮರಳಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ಹೆಂಡತಿ ಸೌದೆ ಒಲೆಯ ಹೊಗೆ ಕುಡಿದಳು. ಅಂದಿನಿಂದ ನಮ್ಮಲ್ಲಿ ಅಡುಗೆಯ ಕಸ ಸಗಣಿಯ ತೂಕದ ಹತ್ತರಲ್ಲಿ ಒಂದು ಪಾಲನ್ನು ದಾಟುವುದಿಲ್ಲ. ಅಷ್ಟು ಬೆರೆಸಿದರೆ ಅನಿಲ ಹೆಚ್ಚುತ್ತದೆ, ಹೊಟ್ಟೆಯೂ ಕೆಡುವುದಿಲ್ಲ. ಸಗಣಿಯ ಸ್ಥಾವರ ಇರುವವರು ಕಸಕ್ಕೆಂದು ಬೇರೆ ಟ್ಯಾಂಕ್ ಕೊಳ್ಳಬೇಕಿಲ್ಲ.

ನಿಂಬೆ ಕಿತ್ತಳೆಯ ಸಿಪ್ಪೆ ಬೇಡ, ಅದರ ಎಣ್ಣೆ ಜೀವಾಣುಗಳಿಗೆ ವಿಷ. ಮೊಟ್ಟೆಯ ಚಿಪ್ಪು, ಮೂಳೆ, ತೆಂಗಿನ ನಾರು, ಅಡಿಕೆ ಸಿಪ್ಪೆ ಕರಗುವುದಿಲ್ಲ. ಸಾಬೂನು, ಫಿನೈಲ್ ಬಿದ್ದ ನೀರು ಬೇಡವೇ ಬೇಡ. ಆಂಟಿಬಯಾಟಿಕ್ ಮದ್ದಿನ ಚಿಕಿತ್ಸೆಯಲ್ಲಿರುವ ಹಸುವಿನ ಸಗಣಿಯನ್ನು ಕೆಲವು ದಿನ ಬೇರೆ ಇಡಿ.

ಮನೆಯಲ್ಲಿ ಹಸು ಇರುವವರಿಗೆ ಇನ್ನೊಂದು ಮಾತು. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಮೊದಲು ಕಲಗಚ್ಚಿನ ಬಾನಿಗೇ ಹೋಗಲಿ. ಹಸು ತಿಂದು ಹಾಲು ಕೊಟ್ಟು, ಆಮೇಲೆ ಸಗಣಿಯಾಗಿ ಗುಂಡಿಗೆ ಬರಲಿ. ಅದು ತಿನ್ನದ, ತಿನ್ನಬಾರದ ಹಳಸಿದ್ದು ಮಾತ್ರ ನೇರ ಒಳತೊಟ್ಟಿಗೆ.

ಬಗ್ಗಡ

ನಮ್ಮ ತೋಟದಲ್ಲಿ ನಿಂತು ಕೇಳಿದರೆ, ಈ ಸ್ಥಾವರದ ಮುಖ್ಯ ಫಲ ಬಗ್ಗಡ, ಅನಿಲ ಜೊತೆಗೆ ಬಂದದ್ದು ಎಂದೇ ಹೇಳುತ್ತೇನೆ. ಸಗಣಿಯ ಸಾರಜನಕ ಗುಂಡಿಯಲ್ಲಿ ಕಳೆದುಹೋಗುವುದಿಲ್ಲ, ಗಿಡ ಬೇಗ ಹೀರುವ ರೂಪಕ್ಕೆ ಬರುತ್ತದೆ. ವಾಸನೆ ಇಲ್ಲ, ನೊಣ ಕೂರುವುದಿಲ್ಲ, ಕಳೆಬೀಜಗಳು ಬಹುಪಾಲು ಸತ್ತಿರುತ್ತವೆ. ನಮ್ಮ ಮನೆ ದಿಬ್ಬದ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಹೊರತೊಟ್ಟಿಯಿಂದ ಪೈಪು ಬಿಟ್ಟರೆ ಬಗ್ಗಡ ತಾನಾಗಿ ಇಳಿದು ಮರದ ಬುಡ ಸೇರುತ್ತದೆ. ಸ್ಥಾವರದ ಜಾಗ ಗುರುತಿಸುವಾಗ ತಂದೆ ಅಡುಗೆಮನೆಯ ದೂರವನ್ನು ನೋಡಿದರು, ತೋಟದ ಇಳಿಜಾರನ್ನು ಅದಕ್ಕಿಂತ ಹೆಚ್ಚು ನೋಡಿದರು. ಅವರು ಮಾಡಿದ ಅತಿ ಒಳ್ಳೆಯ ತೀರ್ಮಾನ ಅದು. ಮಳೆಗಾಲದಲ್ಲಿ ಹೊರತೊಟ್ಟಿಗೆ ಒಂದು ತಗಡಿನ ಮಾಡು ಬೇಕು, ಇಲ್ಲದಿದ್ದರೆ ಸಾರವೆಲ್ಲ ಹಳ್ಳಕ್ಕೆ ಹೋಗುತ್ತದೆ.

ಬಯಲುಸೀಮೆಯಲ್ಲಿ ಇಳಿಜಾರು ಇರುವುದಿಲ್ಲ, ಹೊಲ ಮೈಲಿ ದೂರ ಇರುತ್ತದೆ. ತೆಳ್ಳನೆಯ ಬಗ್ಗಡವನ್ನು ಗಾಡಿಯಲ್ಲಿ ಒಯ್ಯಲು ಯಾರಿಗೂ ಆಗದು. ಅಂಥ ಕಡೆ ಎರಡು ಗುಂಡಿ ಮಾಡಿ, ಜೋಳದ ದಂಟು, ಕಡಲೆಕಾಯಿ ಹೊಟ್ಟು, ಒಣಸೊಪ್ಪು ಹಾಸಿ ಅದರ ಮೇಲೆ ಬಗ್ಗಡ ಬಿಡಬೇಕು. ಒಂದು ತುಂಬಿದ ಮೇಲೆ ಇನ್ನೊಂದು. ಕೋಲಾರದ ಎಸ್‌ಕೆಜಿ ಸಂಘದವರು ದೀನಬಂಧುವಿನ ಜೊತೆಗೇ ಎರೆಹುಳು ಗೊಬ್ಬರದ ತೊಟ್ಟಿಯನ್ನೂ ಕಟ್ಟಿಸಿದ್ದು ಇದೇ ವಿವೇಕದಿಂದ. ಆ ಗೊಬ್ಬರವನ್ನು ಹೆಂಗಸರು ಮಾರಿ ಕೈಯಲ್ಲಿ ಹಣ ಕಂಡರು.

ತಾರಸಿಯ ಸ್ಥಾವರಕ್ಕೂ ಇದೇ ಪರೀಕ್ಷೆ. ದಿನಕ್ಕೆ ಎರಡು ಕಿಲೋ ಕಸ, ಎರಡು ಲೀಟರ್ ನೀರು ಹಾಕಿದರೆ ದಿನವೂ ಸುಮಾರು ನಾಲ್ಕು ಲೀಟರ್ ದ್ರವ ಹೊರಬರುತ್ತದೆ. ಅದನ್ನು ಕುಡಿಯುವ ಗಿಡಗಳು ಇಲ್ಲದಿದ್ದರೆ ಅದು ಹೋಗುವುದು ಚರಂಡಿಗೆ. ಗಿಡವಿಲ್ಲದ ಫ್ಲಾಟಿನವರಿಗೆ ಕಾಂಪೋಸ್ಟ್ ಬುಟ್ಟಿಯೇ ಸರಿ, ಅನಿಲದ ಆಸೆ ಬಿಡಿ.

ನೀರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಊರಿನಲ್ಲಿ ದಿನಕ್ಕೆ ಐವತ್ತು ಲೀಟರನ್ನು ಸಗಣಿಗೆ ಸುರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೊಟ್ಟಿಗೆ ತೊಳೆದ ನೀರು, ಗಂಜಲ, ಮುಸುರೆ ನೀರು ಇವುಗಳಿಂದಲೇ ಎಷ್ಟು ಕದಡಬಹುದೆಂದು ನೋಡಿ ಸ್ಥಾವರದ ಅಳತೆಯನ್ನು ಅಷ್ಟಕ್ಕೇ ಇಳಿಸಿ.

ಊರಿಗೊಂದು, ವಸತಿಗೊಂದು

ನಾಲ್ಕಾರು ಮನೆ ಸೇರಿ ದೊಡ್ಡದೊಂದನ್ನು ಕಟ್ಟಿದರೆ ಆಗದೇ ಎಂದು ಕೇಳುವವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕತೆಯನ್ನು ತಿಳಿಯಬೇಕು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಕೇಂದ್ರವನ್ನು ಶುರುಮಾಡಿದ ಅಮೂಲ್ಯ ಕೆ. ಎನ್. ರೆಡ್ಡಿಯವರ ಬಳಗ ಅಲ್ಲಿ ಊರಿಗೊಂದು ಸ್ಥಾವರ ಮಾಡಿತು. ಮೊದಲ ಯೋಚನೆ ಅಡುಗೆಗೆ ಅನಿಲ ಕೊಡುವುದಿತ್ತು. ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲರ ಒಲೆಗೆ ಸಾಲದೆಂದು ಗೊತ್ತಾದಾಗ ಅವರು ದಾರಿ ಬದಲಿಸಿದರು. ಅನಿಲದಿಂದ ಎಂಜಿನ್ ಓಡಿಸಿ 1987ರ ಹೊತ್ತಿಗೆ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಅದರ ಬಗ್ಗಡ ವಾಪಸ್ಸು, ಹೊತ್ತು ತಂದದ್ದಕ್ಕೆ ಕಿಲೋ ಲೆಕ್ಕದಲ್ಲಿ ಸಣ್ಣ ಕೂಲಿ. ಸಗಣಿ ತೂಗುತ್ತಿದ್ದರು, ಬರೆದಿಡುತ್ತಿದ್ದರು. ಆ ಪುಸ್ತಕದಿಂದಲೇ ಊರವರ ನಡುವೆ ನಂಬಿಕೆ ಉಳಿಯಿತು ಎಂದು ನಾನು ತಿಳಿದಿದ್ದೇನೆ. ಇಂಥದಕ್ಕೆ ಕೈ ಹಾಕುವವರು ಮೊದಲು ಆರಿಸಬೇಕಾದದ್ದು ದಿನವೂ ತೂಗಿ ಬರೆಯುವ ಒಬ್ಬ ವ್ಯಕ್ತಿಯನ್ನು, ಆಮೇಲೆ ಎಂಜಿನ್ನನ್ನು.

ವಿದ್ಯಾರ್ಥಿನಿಲಯ, ದಾಸೋಹದ ಮಠ, ಕಲ್ಯಾಣ ಮಂಟಪಗಳ ಮಾತು ಬೇರೆ. ಅಲ್ಲಿ ಕಸವೂ ಒಲೆಯೂ ಒಂದೇ ಸೂರಿನಡಿ ಇರುತ್ತವೆ, ಹಂಚುವ ತಕರಾರಿಲ್ಲ. ದಿನವೂ ಒಂದೇ ಪ್ರಮಾಣದ ಕಸ ಬರುವ ವಿದ್ಯಾರ್ಥಿನಿಲಯಕ್ಕೆ ಇದು ತುಂಬ ಹೊಂದುತ್ತದೆ. ಒಂದು ದಿನ ಸಾವಿರ ಎಲೆ, ಮತ್ತೆ ಹತ್ತು ದಿನ ಬಾಗಿಲು ಮುಚ್ಚಿರುವ ಕಲ್ಯಾಣ ಮಂಟಪಕ್ಕೆ ಹೊಂದುವುದಿಲ್ಲ. ನಮ್ಮ ಉಪನಯನದ ಮರುದಿನ ಆದದ್ದೇ ಅಲ್ಲಿ ಪ್ರತಿ ಮುಹೂರ್ತಕ್ಕೂ ಆಗುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರದ ನಿಸರ್ಗಋಣ ಮಾದರಿಯಲ್ಲಿ ಕಸವನ್ನು ಮೊದಲು ಅರೆದು, ಬಿಸಿನೀರು ಸೇರಿಸಿ, ಗಾಳಿಯಾಡುವ ಒಂದು ತೊಟ್ಟಿಯಲ್ಲಿ ಹದಗೊಳಿಸಿ ಆಮೇಲೆ ಮುಖ್ಯ ಗುಂಡಿಗೆ ಬಿಡುತ್ತಾರೆ. ಅದಕ್ಕೆ ವಿದ್ಯುತ್ತು, ಕೆಲಸ ಬಲ್ಲ ಆಳು ಎರಡೂ ಬೇಕು. ಇಂದೋರಿನಲ್ಲಿ 2022ರಿಂದ ನಡೆಯುವ ದಿನಕ್ಕೆ 550 ಟನ್ ಹಸಿಕಸದ ಸ್ಥಾವರವನ್ನು ತೋರಿಸಿ, ನಮ್ಮ ಊರಲ್ಲೇಕೆ ಆಗದು ಎನ್ನುವವರಿದ್ದಾರೆ. ಆಗುತ್ತದೆ. ಆದರೆ ಅಲ್ಲಿ ಪ್ರತಿ ಮನೆಯೂ ಹಸಿಕಸವನ್ನು ಬೇರೆ ಮಾಡಿ ಕೊಡುವುದನ್ನು ವರ್ಷಗಟ್ಟಲೆ ರೂಢಿಸಿದ ಮೇಲೆ ಅದು ಬಂತು. ಪ್ಲಾಸ್ಟಿಕ್ ಬೆರೆತ ಕಸ ಯಾವ ಮಾದರಿಗೂ ಆಗುವುದಿಲ್ಲ.

ಯಾವ ಮಾದರಿಯಾದರೂ ಸರಿ, ಇಷ್ಟನ್ನು ಮನೆಮಂದಿಗೆಲ್ಲ ಹೇಳಿಡಿ. ಹೊಸ ಸ್ಥಾವರದ ಮೊದಲ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ, ಅದನ್ನು ಹಚ್ಚದೆ ಹೊರಗೆ ಬಿಡಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಸೋರುತ್ತಿದೆ ಎಂದರ್ಥ, ಸಾಬೂನಿನ ನೊರೆ ಹಚ್ಚಿ ಹುಡುಕಿ, ಬೆಂಕಿಕಡ್ಡಿಯಿಂದ ಹುಡುಕಬೇಡಿ. ಖಾಲಿ ಮಾಡಿದ ಗುಂಡಿಗೂ ಯಾರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಉಳಿಯುವುದಿಲ್ಲ. ಬಲ್ಲವರನ್ನು ಕರೆಸಿ ಹೊರಗಿನಿಂದಲೇ ಪಂಪಿನಲ್ಲಿ ಎತ್ತಿಸಿ.

ಸಹಾಯಧನ ವರ್ಷ ವರ್ಷಕ್ಕೆ ಬದಲಾಗುತ್ತದೆ. ಕಟ್ಟುವ ಮುನ್ನವೇ ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ ಅರ್ಜಿ ಹಾಕಿ. ಸಹಾಯಧನ ಹೆಚ್ಚು ಸಿಗುತ್ತದೆಂದು ದೊಡ್ಡ ಅಳತೆಗೆ ಹೋಗಬೇಡಿ.

ನಿನ್ನೆ ಸೋದರಳಿಯ ಮತ್ತೆ ಫೋನ್ ಮಾಡಿದ. ಏಳು ದಿನದ ಲೆಕ್ಕ ಬರೆದಿಟ್ಟಿದ್ದಾನೆ. ಸರಾಸರಿ 31 ಕಿಲೋ, ಎಮ್ಮೆ ಹೊರಗೆ ಮೇಯಲು ಹೋದ ದಿನ 26. ಅವನಿಗೆ ಮೂರು ಘನ ಮೀಟರಿನದನ್ನು ಹೇಳಿಹೋದವರಿದ್ದರು. ಕೊಟ್ಟಿಗೆ ತೊಳೆದ ನೀರನ್ನೂ ಕೊಡದಲ್ಲಿ ಅಳೆದಿದ್ದಾನೆ, ಇಪ್ಪತ್ತೈದು ಲೀಟರ್ ಆಗುತ್ತದೆಯಂತೆ. ಹೊಲದ್ದು ಎರೆ ಮಣ್ಣು, ಆದರೆ ಕಣದ ಪಕ್ಕ ಗರಸು ನೆಲ ಇದೆ. ಒಂದು ಘನ ಮೀಟರಿನ ದೀನಬಂಧು ಸಾಕು, ಕಣದ ಪಕ್ಕವೇ ತೆಗೆಸು, ಹೊರತೊಟ್ಟಿಯ ಬಾಯಿ ದಾಳಿಂಬೆ ಸಾಲಿನ ಕಡೆಗಿರಲಿ ಎಂದೆ. ಮೇಸ್ತ್ರಿ ಹಿಂದೆ ಕಟ್ಟಿದ್ದನ್ನು ನೋಡಲು ಭಾನುವಾರ ಹೋಗುತ್ತಾನಂತೆ. ಒಲೆ ಹಚ್ಚಿಸಿ ನೋಡುವುದನ್ನು ಮರೆಯಬೇಡ ಎಂದು ಹೇಳಿ ಫೋನ್ ಇಟ್ಟೆ.